ಕಾಚಿನ ಬಣ್ಣದ ಎಲೆ

ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಕುರ್ಚಿ ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತಿರುವ ತಮ್ಮಂದಿರಿಗೆ ನಮಸ್ಕಾರ. ಹೆಸರಿನಲ್ಲೇ ಅಕ್ಕಿ ಇಟ್ಟುಕೊಂಡ ಊರಿದು. ಅಕ್ಕಿಆಲೂರಿಗೆ ಬಂದು ಭತ್ತದ ಬಗ್ಗೆ ಮಾತಾಡುವುದು ಅಂದರೆ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಹಾಗಾಗಿ ಭತ್ತ ಹೇಗೆ ಬೆಳೆಯಬೇಕು ಅಂತ ನಾನು ಹೇಳಲ್ಲ. ಮೂವತ್ತು ವರ್ಷ ನಾನು ಮಾಡಿದ್ದು ಮಣ್ಣು ಪರೀಕ್ಷೆ. ಅದರ ಬಗ್ಗೆ ಒಂದಿಷ್ಟು ಹೇಳಬಲ್ಲೆ. ಪಂಚಮಿ ಮುಗಿದು ವಾರವಾಗಿದೆ, ಆದರೂ ಬಂದ ತಕ್ಷಣ ಕೈಗೆ ಎರಡು ಶೇಂಗಾ ಉಂಡಿ ಬಂದವು. ಮಾತು ಉದ್ದವಾದರೆ ಉಂಡಿ ಕೊಟ್ಟವರನ್ನು ಬೈಯಿರಿ.

ಮೊದಲು ಈ ಸಸಿ ನೋಡಿ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಬರುವ ದಾರಿಯಲ್ಲಿ ಒಬ್ಬರ ಗದ್ದೆಯಲ್ಲಿ ಕೇಳಿ ಕಿತ್ತುಕೊಂಡು ಬಂದೆ. ನಾಟಿ ಮಾಡಿ ಇಪ್ಪತ್ತೆರಡು ದಿನವಾಗಿದೆ ಅಂದರು. ಹೊಸ ಎಲೆಯ ಬುಡ ಗಮನಿಸಿ, ನಡುವಿನ ನರದ ಗುಂಟ ಬಿಳಿಚಿದೆ. ಕೆಳಗಿನ ಎಲೆಗಳ ಮೇಲೆ ತುಕ್ಕು ಬಿದ್ದಂಥ ಚುಕ್ಕೆ. ಕೆಲವು ಕಡೆ ಚುಕ್ಕೆಗಳು ಕೂಡಿಕೊಂಡು ಎಲೆಯೇ ಕಂದಾಗಿಬಿಟ್ಟಿದೆ. ತೆಂಡೆ ಎರಡೇ ಒಡೆದಿವೆ. ಇದೇ ಗದ್ದೆಯಲ್ಲಿ ಹತ್ತು ಹೆಜ್ಜೆ ಆಚೆ ಬೆಳೆ ಮೊಣಕಾಲಿಗೆ ಬಂದಿದೆ, ಇಲ್ಲಿ ಗೇಣುದ್ದ ಕೂತಿದೆ.

ಇದೇನು ಅಂತ ಕೇಳಿದರೆ ಅರ್ಧ ಜನ ಬೆಂಕಿ ರೋಗ ಅಂತೀರಿ. ಇನ್ನರ್ಧ ಕಂದು ಚುಕ್ಕೆ ರೋಗ ಅಂತೀರಿ. ಅಂಗಡಿಗೆ ಒಯ್ದು ತೋರಿಸಿದರೆ ಒಂದು ಬಾಟಲಿ ಸಿಗುತ್ತದೆ. ಯಾವ ಬಾಟಲಿ ಅನ್ನೋದು ಅವತ್ತು ಕಪಾಟಿನಲ್ಲಿ ಏನು ಜಾಸ್ತಿ ಉಳಿದಿದೆ ಅನ್ನೋದರ ಮೇಲೆ. ನಗಬೇಡಿ, ನಾನೂ ಅಂಥ ಬಾಟಲಿ ತಂದವನೇ.

ಇಂಥದ್ದೇ ಸಸಿಯನ್ನು ಸುಮಾರು ಅರವತ್ತು ವರ್ಷದ ಹಿಂದೆ ಒಬ್ಬ ವಿಜ್ಞಾನಿ ಕೈಯಲ್ಲಿ ಹಿಡಿದು ನೋಡಿದರು. ಇವತ್ತಿನ ಮಾತು ಅವರಿಂದಲೇ ಶುರು.

ಹಿಮಾಲಯದ ಬುಡದಲ್ಲಿ ತರಾಯಿ ಅಂತ ಒಂದು ಸೀಮೆ. ಕಾಡು ಕಡಿದು ಹೊಲ ಮಾಡಿದ ನೆಲ. 1960ರಲ್ಲಿ ಅಲ್ಲಿನ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು. ನಮ್ಮ ಧಾರವಾಡದ್ದು ಬಂದದ್ದು 1986ರಲ್ಲಿ. ತರಾಯಿ ಮಣ್ಣು ನೋಡಿದರೆ ನಿಮಗೆ ಹೊಟ್ಟೆಕಿಚ್ಚಾಗುತ್ತದೆ. ಕಪ್ಪಗೆ, ಮೆತ್ತಗೆ, ಶತಮಾನಗಳ ತರಗೆಲೆ ಕೊಳೆತು ಕೂತಿದ್ದು. ಇಂಥ ಮಣ್ಣಿಗೆ ಏನು ಕಡಿಮೆಯಾಗಲು ಸಾಧ್ಯ ಅಂತ ಯಾರಾದರೂ ಕೇಳುತ್ತಾರೆ. ಆದರೆ ಭತ್ತ ನಾಟಿ ಮಾಡಿದ ಎರಡು-ಮೂರು ವಾರಕ್ಕೆ ಗದ್ದೆ ಅಲ್ಲಲ್ಲಿ ಕಂದಾಗಿ ಕುಗ್ಗುತ್ತಿತ್ತು. ಅದಕ್ಕೆ ಖೈರಾ ಅಂತ ಹೆಸರು. ಖೈರ್ ಅಂದರೆ ಕಾಚಿನ ಮರ. ಎಲೆ-ಅಡಿಕೆಗೆ ಹಾಕುವ ಕಾಚು ಇದೆಯಲ್ಲ, ಅದೇ ಬಣ್ಣ. ಹೆಸರು ಇಟ್ಟವರ ಕಣ್ಣು ಚೆನ್ನಾಗಿತ್ತು ನೋಡಿ.

ಪಂತನಗರದಲ್ಲಿ ವೈ.ಎಲ್. ನೇನೆ ಅಂತ ಒಬ್ಬರಿದ್ದರು. ಆಗ ಮೂವತ್ತರ ಆಸುಪಾಸಿನ ಹುಡುಗ. ಅವರ ವಿಷಯ ಸಸ್ಯರೋಗ. ಅಂದರೆ ಬೂಷ್ಟು, ಬ್ಯಾಕ್ಟೀರಿಯಾ, ವೈರಸ್ಸು ಇವುಗಳನ್ನು ಹುಡುಕೋದೇ ಕಸುಬು. ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಹಲ್ಲೇ ನೋಡುತ್ತಾರೆ, ಅಲ್ವಾ? ಆದರೆ ನೇನೆ ಕೊಟ್ಟ ಉತ್ತರ ಅವರ ವಿಭಾಗದ ಆಚೆಗಿನದು. ಇಲ್ಲಿ ಯಾವ ರೋಗಾಣುವೂ ಇಲ್ಲ, ಈ ಭತ್ತಕ್ಕೆ ಸತು ಸಿಗುತ್ತಿಲ್ಲ ಅಂದರು. ಸತು ಅಂದರೆ ಜಿಂಕ್, ನಮ್ಮ ಕಡೆ ಹಳಬರು ಜಸ್ತ ಅನ್ನೋದು. 1966ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ರೈತರ ಗದ್ದೆಯಲ್ಲಿ ಭತ್ತಕ್ಕೆ ಸತುವಿನ ಕೊರತೆ ಬರುತ್ತದೆ ಅನ್ನೋದು ಮೊದಲು ತಿಳಿದದ್ದು ಹೀಗೆ. ಮದ್ದೂ ಅವರೇ ಹೇಳಿದರು. ಒಂದು ಹೆಕ್ಟೇರಿಗೆ 5 ಕಿಲೋ ಸತುವಿನ ಸಲ್ಫೇಟ್, 2.5 ಕಿಲೋ ಅರಳಿಸಿದ ಸುಣ್ಣ, 1000 ಲೀಟರ್ ನೀರು. ಎಲೆಗಳ ಮೇಲೆ ಸಿಂಪಡಿಸಿ ಅಂದರು. ಸುಣ್ಣ ಯಾಕೆ ಅಂದರೆ ಸತುವಿನ ನೀರು ಹುಳಿ, ಬರೀ ಅದನ್ನೇ ಹೊಡೆದರೆ ಎಲೆ ಸುಡುತ್ತದೆ. ಇವತ್ತಿಗೂ ಪುಸ್ತಕಗಳಲ್ಲಿರುವುದು ಹೆಚ್ಚುಕಡಿಮೆ ಇದೇ ಲೆಕ್ಕ.

ಆಮೇಲೆ ನೋಡಿದರೆ ಈ ಕಾಯಿಲೆ ಎಲ್ಲ ಕಡೆ ಇತ್ತು. ಪಾಕಿಸ್ತಾನದಲ್ಲಿ ಹಡ್ಡಾ ಅನ್ನುತ್ತಿದ್ದರು. ಜಪಾನಿನಲ್ಲಿ ಅಕಗಾರೆ ಅಂತ ಒಂದು ಹಳೆಯ ಬಾಧೆ, ಅದರಲ್ಲಿ ಎರಡನೆಯ ಬಗೆ ಇದೇ. ಎಲ್ಲರೂ ರೋಗ ರೋಗ ಅಂತ ಕರೆಯುತ್ತಿದ್ದದ್ದು ಹಸಿವನ್ನ.

ನೇನೆ ಆಮೇಲೆ ಹೈದರಾಬಾದಿನ ಇಕ್ರಿಸ್ಯಾಟ್‌ಗೆ, ಅಂದರೆ ಒಣ ಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ತೊಗರಿಯ ಬಂಜೆ ರೋಗ, ಕಡಲೆಯ ಸೊರಗು ರೋಗದ ಮೇಲೆ ದುಡಿದರು. ಗದಗಿನ ಕಡೆ ಕಡಲೆ ಬೆಳೆಯುವವರು ಇಲ್ಲಿದ್ದರೆ ಅವರಿಗೂ ಇವರ ಋಣ ಸ್ವಲ್ಪ ಇದೆ. ನಿವೃತ್ತಿಯ ನಂತರ ಹಳೆಯ ಕೃಷಿ ಗ್ರಂಥಗಳನ್ನು ಹುಡುಕಿ ಇಂಗ್ಲಿಷಿಗೆ ತರಿಸುವ ಕೆಲಸ ಹಿಡಿದರು. ಅದರಲ್ಲಿ ಸಾವಿರ ವರ್ಷ ಹಳೆಯ ಕನ್ನಡದ ಒಂದು ಗ್ರಂಥವೂ ಇದೆ. 2018ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಅಡ್ಡ ಮಾತು. ಸುಮಾರು ಅದೇ ವರ್ಷಗಳಲ್ಲಿ ಇನ್ನೊಬ್ಬ ಭಾರತೀಯರು, ಬಿಹಾರದ ಬಕ್ಸರ್ ಊರಿನ ಡಾಕ್ಟರ್ ಆನಂದ ಪ್ರಸಾದ್, ಇರಾನಿನ ಶಿರಾಜ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳ್ಳಿಗಳಿಂದ ಬಂದ ಯುವಕರು ನೋಡಲು ಸಣ್ಣ ಹುಡುಗರ ಹಾಗೆ, ಬೆಳವಣಿಗೆಯೇ ಇಲ್ಲ. ಊಟ ಬರೀ ರೊಟ್ಟಿ. ಮೇಲಿಂದ ಮಣ್ಣು ತಿನ್ನುವ ಚಟ. 1961ರಲ್ಲಿ ಅವರ ಬಗ್ಗೆ ಬರೆದರು. ಎರಡು ವರ್ಷದ ನಂತರ ಈಜಿಪ್ಟಿನಲ್ಲಿ ಅಂಥದ್ದೇ ರೋಗಿಗಳನ್ನು ಪರೀಕ್ಷಿಸಿದಾಗ ಖಾತ್ರಿಯಾಯಿತು, ಅವರಿಗೂ ಕೊರತೆಯಾಗಿದ್ದು ಸತುವೇ. ಮನುಷ್ಯನಿಗೆ ಸತುವಿನ ಕೊರತೆ ಬರಬಹುದು ಅಂತ ಅದಕ್ಕೆ ಮುಂಚೆ ಡಾಕ್ಟರುಗಳು ನಂಬುತ್ತಿರಲಿಲ್ಲ. ಗಿಡ್ಡ ಹುಡುಗರು ಅಲ್ಲಿ, ಗಿಡ್ಡ ಭತ್ತ ಇಲ್ಲಿ. ಐದು ವರ್ಷದ ಅಂತರ. ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತ್ತು, ಅದಕ್ಕೇ ಹೇಳಿದೆ.

ಸರಿ, ನಮ್ಮ ಗದ್ದೆಗೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕೊರತೆ ಯಾಕೆ ಕಾಣಲಿಲ್ಲ ಅಂತ ಕೇಳಬಹುದು. ಅಜ್ಜ ಬೆಳೆಯುತ್ತಿದ್ದದ್ದು ಎತ್ತರದ ನಾಡು ಭತ್ತ. ಇಳುವರಿ ಕಡಿಮೆ, ಅದರ ಬೇಡಿಕೆಯೂ ಕಡಿಮೆ. ತಿಪ್ಪೆ ಗೊಬ್ಬರ ಗದ್ದೆಗೆ ಬೀಳುತ್ತಿತ್ತು. ನೇನೆ ಪ್ರಕಟಿಸಿದ ಅದೇ 1966ರಲ್ಲಿ ಐಆರ್ 8 ತಳಿ ಬಂತು. 1968ಕ್ಕೆ ಜಯ ಬಂತು. ಕುಳ್ಳ ತಳಿ, ಯೂರಿಯಾ ಹಾಕಿದರೆ ಮಲಗದೆ ನಿಂತು ಕಾಳು ಕಟ್ಟುವ ತಳಿ. ಇಳುವರಿ ಏರಿತು. ಏರಿದ ಇಳುವರಿಯ ಜೊತೆ ಮಣ್ಣಿನಿಂದ ಹೊರಹೋಗುವ ಎಲ್ಲವೂ ಏರಿತು. ನಾವು ವಾಪಸ್ ಕೊಟ್ಟದ್ದು ಮಾತ್ರ ಮೂರು, ಸಾರಜನಕ, ರಂಜಕ, ಪೊಟ್ಯಾಷ್. ಖರೆ ಹೇಳಬೇಕೆಂದರೆ ಎರಡೇ, ಪೊಟ್ಯಾಷ್ ಎಷ್ಟು ಜನ ಹಾಕುತ್ತೀರಿ ಅಂತ ನನಗೆ ಗೊತ್ತಿದೆ.

ಭತ್ತಕ್ಕೆ ಬೇಕಾದ ಸತು ಎಷ್ಟು? ಒಂದು ಟನ್ ಭತ್ತ ಬೆಳೆದರೆ ಕಾಳು-ಹುಲ್ಲು ಎರಡೂ ಸೇರಿ ಸುಮಾರು 50 ಗ್ರಾಂ ಎತ್ತುತ್ತದೆ. ಎಕರೆಗೆ 20 ಕ್ವಿಂಟಲ್ ಬೆಳೆದವರ ಗದ್ದೆಯಿಂದ ಹೋಗುವುದು 100 ಗ್ರಾಂ. ಒಂದು ಹಿಡಿ ತೊಗರಿ ಬೇಳೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದೇ ಬೆಳೆ ಎತ್ತುವ ಸಾರಜನಕ ಸುಮಾರು 35 ಕಿಲೋ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಅನಿಸುವುದು, 100 ಗ್ರಾಂಗೆ ಯಾಕಿಷ್ಟು ಗಲಾಟೆ ಅಂತ. ಸಾರಿಗೆ ಉಪ್ಪು ಮರೆತಿದ್ದೀರಿ ಅಂದುಕೊಳ್ಳಿ. ಇನ್ನೆರಡು ಹಿಡಿ ಬೇಳೆ ಹಾಕಿದರೆ ಸರಿಹೋಗುತ್ತದಾ? ಸತು ಇಲ್ಲದ ಗದ್ದೆಗೆ ಮತ್ತೊಂದು ಚೀಲ ಯೂರಿಯಾ ಹಾಕುವುದು ಇದೇ ಕೆಲಸ.

ಮಣ್ಣಿನಲ್ಲಿ ಸತು ಇಲ್ಲ ಅಂತಲೂ ಅಲ್ಲ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ತೂಗಿದರೆ ಸುಮಾರು ಒಂಬತ್ತು ಲಕ್ಷ ಕಿಲೋ. ಅದರಲ್ಲಿ 50 ಪಿಪಿಎಂ, ಅಂದರೆ ಹತ್ತು ಲಕ್ಷ ಕಿಲೋ ಮಣ್ಣಿಗೆ 50 ಕಿಲೋ ಸತು ಇದೆ ಅಂದರೂ 45 ಕಿಲೋ ಆಯಿತು. ನೂರಾರು ಬೆಳೆಗೆ ಸಾಕು. ಆದರೆ ಅದರಲ್ಲಿ ಹೆಚ್ಚಿನದು ಬೀಗ ಹಾಕಿದ ಗಂಟು. ಬೇರಿಗೆ ಸಿಗುವ ಸತುವನ್ನು ನಾವು ಲ್ಯಾಬಿನಲ್ಲಿ ಡಿಟಿಪಿಎ ಅನ್ನೋ ದ್ರಾವಣದಿಂದ ಎಳೆದು ಅಳೆಯುತ್ತೇವೆ. 0.6 ಪಿಪಿಎಂಗಿಂತ ಕೆಳಗೆ ಬಂದರೆ ಕೊರತೆ ಅಂತ ಬರೆಯುತ್ತೇವೆ. ಅಂದರೆ ಎಕರೆಗೆ ಅರ್ಧ ಕಿಲೋ ಆಸುಪಾಸು. ದೇಶದಲ್ಲಿ ಪರೀಕ್ಷೆಯಾದ ಮಣ್ಣಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ಗೆರೆಯ ಕೆಳಗಿದೆ.

ಬೀಗ ಹಾಕುವವರು ಯಾರು? ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ. ಇದನ್ನು ಬಿಡಿಸಿ ಹೇಳಿದವರು ಶ್ರೀಲಂಕಾದ ಫೆಲಿಕ್ಸ್ ಪೊನ್ನಂಪೆರುಮ. 1961ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸೇರಿದರು. ಬೇರೆ ಬೇರೆ ಊರಿನ ಮಣ್ಣನ್ನು ಕುಂಡಗಳಲ್ಲಿ ತುಂಬಿದರು. ನೀರು ನಿಲ್ಲಿಸಿದರು. ಮಣ್ಣಿನೊಳಗಿನ ನೀರನ್ನು ಬಸಿದು ವಾರ ವಾರ ಅಳೆಯುತ್ತ ಹೋದರು. 1972ರಲ್ಲಿ ಎಲ್ಲವನ್ನೂ ಒಂದು ದೊಡ್ಡ ಲೇಖನವಾಗಿ ಬರೆದರು. ಭತ್ತದ ಮಣ್ಣು ಓದುವವರು ಇವತ್ತಿಗೂ ಮೊದಲು ತೆಗೆಯುವುದು ಅದನ್ನೇ.

ನಾಳೆ ಬೆಳಗ್ಗೆ ಗದ್ದೆಗೆ ಹೋದಾಗ ಒಂದು ಕೆಲಸ ಮಾಡಿ. ಸಲಿಕೆಯಲ್ಲಿ ಕೆಸರನ್ನು ಮೆಲ್ಲಗೆ, ಕಲಕದ ಹಾಗೆ ಎತ್ತಿ. ಮೇಲೆ ತೆಳ್ಳಗೆ ಕಂದು ಬಣ್ಣದ ಪದರ, ಹಾಲಿನ ಕೆನೆಯ ಹಾಗೆ. ಅದರ ಕೆಳಗೆ ಬೂದಿ-ನೀಲಿ. ಮಸಾರಿ ಮಣ್ಣಿನವರೇ ಆದರೂ ಕೆಳಗೆ ಕೆಂಪು ಉಳಿದಿರಲ್ಲ. ಒಂದು ಬುಡ ಕಿತ್ತು ಬೇರು ತೊಳೆಯಿರಿ. ಸುತ್ತ ಎಲ್ಲ ನೀಲಿ ಕೆಸರು, ಬೇರಿನ ಮೇಲೆ ಮಾತ್ರ ಇಟ್ಟಿಗೆ ಬಣ್ಣದ ಲೇಪ. ಮೂಗಿಗೆ ಹಿಡಿದರೆ ಕೆಲವೊಮ್ಮೆ ಕೊಳೆತ ಮೊಟ್ಟೆ ವಾಸನೆ. ಕಾಲಿಟ್ಟರೆ ಗುಳುಗುಳು ಅಂತ ಗುಳ್ಳೆ. ಪೊನ್ನಂಪೆರುಮ ಬರೆದದ್ದೆಲ್ಲ ಆ ಒಂದು ಸಲಿಕೆ ಕೆಸರಿನಲ್ಲಿ ಇದೆ.

ಆಗುವುದು ಹೀಗೆ. ನೀರು ನಿಂತ ಒಂದೆರಡು ದಿನಕ್ಕೆ ಮಣ್ಣಿನೊಳಗಿನ ಆಮ್ಲಜನಕ ಖಾಲಿ. ಆದರೆ ಅಲ್ಲಿನ ಸೂಕ್ಷ್ಮಜೀವಿಗಳು ಬದುಕಬೇಕಲ್ಲ. ಗಾಳಿ ಸಿಗದಿದ್ದರೆ ಬೇರೆ ಏನನ್ನಾದರೂ ಹಿಡಿದು ಉಸಿರಾಡುತ್ತವೆ. ಮೊದಲು ನೈಟ್ರೇಟ್. ಅದು ಮುಗಿದ ಮೇಲೆ ಮ್ಯಾಂಗನೀಸ್. ಆಮೇಲೆ ಕಬ್ಬಿಣ. ಮಸಾರಿಯ ಕೆಂಪು ಅಂದರೆ ತುಕ್ಕಿನ ಕೆಂಪೇ, ಆ ತುಕ್ಕು ಕರಗಿ ನೀರಿಗೆ ಬರುತ್ತದೆ, ಮಣ್ಣು ಬೂದಿಯಾಗುತ್ತದೆ. ಆಮೇಲೆ ಗಂಧಕದ ಸರದಿ, ಮೊಟ್ಟೆ ವಾಸನೆ ಅದರದ್ದು. ಕೊನೆಗೆ ಮೀಥೇನ್, ಆ ಗುಳ್ಳೆ. ಈ ಪಾಳಿ ತಪ್ಪುವುದಿಲ್ಲ. ಭತ್ತ ಜಾಣ ಬೆಳೆ. ಎಲೆಯಿಂದ ಗಾಳಿಯನ್ನು ಕಾಂಡದ ಒಳಗಿನ ಕೊಳವೆಯಲ್ಲಿ ಬೇರಿಗೆ ಇಳಿಸುತ್ತದೆ. ಬೇರಿನಿಂದ ಸ್ವಲ್ಪ ಗಾಳಿ ಹೊರಗೆ ಸೋರುತ್ತದೆ. ಕರಗಿದ ಕಬ್ಬಿಣ ಅದಕ್ಕೆ ತಾಗಿ ಮತ್ತೆ ತುಕ್ಕಾಗಿ ಬೇರಿಗೆ ಅಂಟುತ್ತದೆ. ಇಟ್ಟಿಗೆ ಬಣ್ಣ ಬಂದದ್ದು ಹಾಗೆ.

ಇನ್ನೊಂದು ವಿಚಿತ್ರ. ಪಿಎಚ್ ಅಂದರೆ ಮಣ್ಣಿನ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹುಳಿ ಮಣ್ಣಿಗೆ ನೀರು ನಿಂತರೆ ಅದರ ಪಿಎಚ್ ಏರುತ್ತದೆ. ಸುಣ್ಣದ ಮಣ್ಣಿಗೆ ನಿಂತರೆ ಇಳಿಯುತ್ತದೆ. ಎರಡೂ ಕೆಲವು ವಾರಗಳಲ್ಲಿ ಬಂದು 6.7ರಿಂದ 7.2ರ ನಡುವೆ ಕೂರುತ್ತವೆ. ಅತ್ತೆ-ಸೊಸೆ ಒಂದೇ ಮಾತಿಗೆ ಬಂದ ಹಾಗೆ.

ಈ ಗಡಿಬಿಡಿಯಲ್ಲಿ ಲಾಭ ಯಾರಿಗೆ? ರಂಜಕಕ್ಕೆ. ತುಕ್ಕಿನ ಜೊತೆ ಅಂಟಿಕೊಂಡಿದ್ದ ರಂಜಕ ತುಕ್ಕು ಕರಗಿದಾಗ ಬಿಡುಗಡೆಯಾಗುತ್ತದೆ. ಅದಕ್ಕೇ ನೀರು ನಿಂತ ಭತ್ತಕ್ಕೆ ರಂಜಕ ಅಷ್ಟೇನೂ ಬೇಕಾಗಲ್ಲ. ಅದರ ನಂತರ ಒಣ ಗದ್ದೆಗೆ ಹಾಕುವ ಬೆಳೆಗೆ ಜಾಸ್ತಿ ಬೇಕು. ನಷ್ಟ ಯಾರಿಗೆ? ಸತುವಿಗೆ. ಹುಳಿ ಮಣ್ಣಿನ ಪಿಎಚ್ ಏರಿದಾಗ ಸತು ಗಟ್ಟಿಯಾಗಿ ಕೂರುತ್ತದೆ. ಗಂಧಕ ಹಿಡಿದುಕೊಳ್ಳುತ್ತದೆ. ಕರಗಿದ ಬೈಕಾರ್ಬೊನೇಟ್ ಬೇರು ಸತುವನ್ನು ಎಳೆಯದ ಹಾಗೆ ಮಾಡುತ್ತದೆ. ತರಾಯಿಯಂಥ ಕಪ್ಪು ಫಲವತ್ತಾದ ಮಣ್ಣಿನಲ್ಲೂ ಭತ್ತ ಯಾಕೆ ಉಪವಾಸ ಬಿತ್ತು ಅನ್ನೋದು ಇಲ್ಲಿಗೆ ತಿಳಿಯಿತಲ್ಲ. ನಿಮ್ಮ ಗದ್ದೆಯಲ್ಲಿ ಎಲ್ಲಿ ಕಂದಾಗುತ್ತದೆ ನೋಡಿ. ತಗ್ಗಿನ ಮೂಲೆ, ನೀರು ಯಾವತ್ತೂ ಬಸಿಯದ ಜಾಗ. ಅಲ್ಲಿ ಒಮ್ಮೆ ನೀರು ಬಸಿದು ಮಣ್ಣಿಗೆ ಗಾಳಿ ಆಡಿಸಿದರೆ ಬೆಳೆ ಎಷ್ಟೋ ಚೇತರಿಸಿಕೊಳ್ಳುತ್ತದೆ. ಚೀಲವೂ ಬೇಡ, ಬಾಟಲಿಯೂ ಬೇಡ.

ಈಗ ಇದರ ಉಲ್ಟಾ ನಮ್ಮಲ್ಲೇ ಇದೆ. ಕೂರಿಗೆ ಭತ್ತ. ಕಲಘಟಗಿ, ಅಳ್ನಾವರ, ಧಾರವಾಡದ ಮುಗದ ಕಡೆ, ಶಿಗ್ಗಾಂವಿ, ನಿಮ್ಮ ಹಾನಗಲ್ಲಿನಲ್ಲೂ. ಮುಗದದಲ್ಲಿ ಇಂಥ ಮಳೆಯಾಶ್ರಿತ ಭತ್ತಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ರೋಹಿಣಿ ಮಳೆ ಹೊತ್ತಿಗೆ ಕೂರಿಗೆ ಹೂಡಿ ಒಣ ಭೂಮಿಗೆ ಬಿತ್ತುತ್ತೀರಿ. ಸಾಲು ಕಾಣುತ್ತಲೇ ಎಡೆ ಹೊಡೆಯುತ್ತೀರಿ. ಮಳೆ ಹತ್ತು ದಿನ ಕೈಕೊಟ್ಟರೆ ಎಳೆ ಸಸಿ ಬಿಳಿ-ಹಳದಿ ಆಗುತ್ತದೆ, ಹೊಸ ಎಲೆ ಕಾಗದದ ಹಾಗೆ. ಅಲ್ಲಿ ಹೆಚ್ಚಾಗಿ ಕಡಿಮೆಯಾಗುವುದು ಕಬ್ಬಿಣ. ಮಣ್ಣಿನಲ್ಲಿ ಗಾಳಿ ಜಾಸ್ತಿ, ಕಬ್ಬಿಣ ತುಕ್ಕಾಗಿ ಕೂತಿದೆ, ಬೇರಿಗೆ ಸಿಗದು. ಆರಿದ್ರಾ, ಪುನರ್ವಸು ಹಿಡಿದು ನೀರು ನಿಂತರೆ ತುಕ್ಕು ಕರಗುತ್ತದೆ, ಪೈರು ತಾನೇ ಹಸಿರಾಗುತ್ತದೆ. ಅಷ್ಟರಲ್ಲಿ ಯಾರೋ ಹೊಡೆದ ಟಾನಿಕ್ಕಿಗೆ ಹೆಸರು ಬರುತ್ತದೆ. ಮಳೆ ಮಾಡಿದ ಕೆಲಸಕ್ಕೆ ಟಾನಿಕ್ಕಿಗೆ ಹಾರ. ಒಂದೇ ಹೊಲ ಜೂನಿನಲ್ಲಿ ಕಬ್ಬಿಣಕ್ಕೆ ಬಾಯಿ ಬಿಡುತ್ತದೆ, ಆಗಸ್ಟಿನಲ್ಲಿ ಸತುವಿಗೆ. ಎರಡರ ಗುರುತು ಬೇರೆ. ಒಂದರಲ್ಲಿ ಹೊಸ ಎಲೆ ಪೂರ್ತಿ ಬಿಳಿಚುತ್ತದೆ. ಇನ್ನೊಂದರಲ್ಲಿ ಹೊಸ ಎಲೆಯ ಬುಡ ಮಾತ್ರ, ಜೊತೆಗೆ ಹಳೆ ಎಲೆಯಲ್ಲಿ ಕಾಚಿನ ಚುಕ್ಕೆ. ಗೋವಿನಜೋಳ ಹಾಕುವವರೂ ಇದನ್ನು ಕಂಡಿರುತ್ತೀರಿ, ಸುಳಿ ಬೆಳ್ಳಗಾಗಿ ಬರುವುದು. ಅದೂ ಸತುವೇ.

ಗುರುತು ಹೇಳುವುದು ಸುಲಭ. ತಪ್ಪುವುದು ಅದಕ್ಕಿಂತ ಸುಲಭ. ನಾನು ತಪ್ಪಿದ್ದು ಹೇಳುತ್ತೇನೆ.

ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಲಘಟಗಿ ಕಡೆ ನಮ್ಮ ಕಾಕಾನ ಗದ್ದೆ. ಎರಡು ವರ್ಷದಿಂದ ಭತ್ತ ಕಂದಾಗುತ್ತಿದೆ ಅಂತ ಹೇಳಿ ಕಳಿಸಿದ. ಮನೆ ಹುಡುಗ ಮಣ್ಣಿನ ಆಫೀಸಿನಲ್ಲಿದ್ದಾನೆ, ಮತ್ತೆ ಬೇರೆ ಯಾರನ್ನು ಕೇಳುತ್ತಾನೆ? ಭಾನುವಾರ ನಾನೇ ಹೋದೆ. ಪುಸ್ತಕದ ಪ್ರಕಾರ ಎಲ್ಲ ಮಾಡಿದೆ. ಬದುವಿನ ಹತ್ತಿರ ತೆಗೆಯಲಿಲ್ಲ, ಮರದ ನೆರಳಲ್ಲಿ ತೆಗೆಯಲಿಲ್ಲ, ತಿಪ್ಪೆ ಇದ್ದ ಜಾಗ ಬಿಟ್ಟೆ. ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ತೋಡಿದೆ. ಬಂದ ಮಣ್ಣನ್ನೆಲ್ಲ ಕಾಕಾನ ಮನೆಯ ಬಕೆಟ್ಟಿಗೆ ಹಾಕಿ ಕೈಯಿಂದ ಚೆನ್ನಾಗಿ ಕಲೆಸಿದೆ. ನಾಲ್ಕು ಭಾಗ ಮಾಡಿ ಎದುರುಬದುರು ಭಾಗ ತೆಗೆದು ಅರ್ಧ ಕಿಲೋ ಉಳಿಸಿಕೊಂಡೆ. ಧಾರವಾಡಕ್ಕೆ ಹೋಗುವಾಗ ಚೀಲ ಸಿಗಲಿಲ್ಲ, ಖಾಲಿ ಪೇಢೆ ಡಬ್ಬಿಯಲ್ಲಿ ಒಯ್ದೆ. ಬಸ್ಸಿನಲ್ಲಿ ಪಕ್ಕದವರು ಒಂದು ಪೇಢೆ ಕೊಡಪಾ ಅಂತ ಕೈ ಚಾಚಿದ್ದರು.

ರಿಪೋರ್ಟ್ ಬಂತು. ಸತು 2.8 ಪಿಪಿಎಂ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಸತುವಿನ ಕೊರತೆ ಇಲ್ಲ ಅಂತ ಸಹಿ ಮಾಡಿ ಕೊಟ್ಟೆ. ಕಾಕಾ ನಂಬಿದ. ಆ ವರ್ಷ ಸತು ಹಾಕಲಿಲ್ಲ. ಶ್ರಾವಣಕ್ಕೆ ಗದ್ದೆ ಮತ್ತೆ ಕಾಚಿನ ಬಣ್ಣ. ನಾನು ಊರಿಗೆ ಹೋದಾಗ ಕಾಕಾ ಬೈಯಲಿಲ್ಲ. ಚೀಟಿ ಒಂದು ಕೈಯಲ್ಲಿ, ಸಸಿ ಒಂದು ಕೈಯಲ್ಲಿ ಹಿಡಿದು ಬಂದ. "ತಮ್ಮಾ, ನಿನ್ನ ಚೀಟಿ ಒಂದ್ ಹೇಳತೈತಿ, ಗದ್ದಿ ಒಂದ್ ಹೇಳತೈತಿ. ಯಾವುದು ಖರೆ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾವಿ ಕಟ್ಟೆ ಮೇಲೆ ಕೂತೆ. ಚಿಗವ್ವ ಎದುರಿಗೇ ದನಕ್ಕೆ ನೀರು ಸೇದುತ್ತಿದ್ದಳು. ಅದೇ ಬಕೆಟ್ಟು. ಹಳೆಯದು, ಒಳಗೆಲ್ಲ ಬಿಳಿ ಪುಡಿ ಎದ್ದದ್ದು. ಜಸ್ತದ ಬಕೆಟ್ಟು. ಕಬ್ಬಿಣದ ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ಹಚ್ಚುವುದೇ ಸತು. ಆ ಬಿಳಿ ಪುಡಿಯೂ ಸತುವಿನದ್ದೇ. ಅದರಲ್ಲಿ ನಾನು ಹಸಿ ಮಣ್ಣು ಹಾಕಿ, ಉಜ್ಜಿ ಉಜ್ಜಿ ಕಲೆಸಿದ್ದೆ. ಲ್ಯಾಬಿನ ಮಷೀನು ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ಬಕೆಟ್ಟನ್ನ. ಮತ್ತೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲೆಸಿ ತಂದೆ. 0.4 ಬಂತು. ಕಾಕಾ ಈಗಿಲ್ಲ. ಆ ಬಕೆಟ್ಟು ಇದೆ, ಅದರಲ್ಲಿ ತುಳಸಿ ಗಿಡ ಇಟ್ಟಿದ್ದಾರೆ.

ಮಣ್ಣಿನ ಕಾರ್ಡಿನ ಬಗ್ಗೆಯೂ ಒಂದು ಮಾತು. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು. ಹನ್ನೆರಡು ಅಂಶ, ಅದರಲ್ಲಿ ಸತುವೂ ಇದೆ. ಒಳ್ಳೆಯ ಕೆಲಸ. ಆದರೆ ಮಾದರಿ ತೆಗೆಯುವ ಲೆಕ್ಕ ನೋಡಿ, ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆ ಭೂಮಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು. ಅಂದರೆ ನಿಮ್ಮ ಹೆಸರಿನ ಚೀಟಿಯಲ್ಲಿ ಇರುವುದು ಪಕ್ಕದ ಹೊಲದವರ ಮಣ್ಣೂ ಆಗಿರಬಹುದು. ಎಕರೆ-ಎರಡೆಕರೆ ಗದ್ದೆ ಇದ್ದು, ಒಂದು ಮೂಲೆಯಲ್ಲಿ ಮಾತ್ರ ತೊಂದರೆ ಇದ್ದರೆ ಆ ಮೂಲೆಯ ಮಣ್ಣನ್ನು ಬೇರೆಯೇ ಕೊಡಿ.

ಯೂರಿಯಾ ವಿಷಯ ಎತ್ತದೆ ಹೋದರೆ ನೀವು ಬಿಡಲ್ಲ. 45 ಕಿಲೋ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ಸಾರಜನಕ-ರಂಜಕ ಎರಡೂ ಇರುವ ಡಿಎಪಿ 50 ಕಿಲೋಗೆ 1350. ಯೂರಿಯಾ ಅಗ್ಗ, ಹಾಕಿದ ವಾರಕ್ಕೆ ಗದ್ದೆ ಹಸಿರು, ಅಕ್ಕಪಕ್ಕದವರ ಎದುರು ಮರ್ಯಾದೆ. ಹಾಕದೆ ಇರೋದು ಕಷ್ಟ. ಚೀಲದಲ್ಲಿ ಸಾರಜನಕ ಇರುವುದು ನೂರಕ್ಕೆ 46, ಅಂದರೆ ಸುಮಾರು 20 ಕಿಲೋ. ನಿಂತ ನೀರಿಗೆ ಎರಚಿದರೆ ಅದರಲ್ಲಿ ಹತ್ತಕ್ಕೆ ಮೂರು-ನಾಲ್ಕು ಪಾಲು ಮಾತ್ರ ಬೆಳೆಗೆ ಸೇರುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಗಾಳಿಗೆ. ಬಿಸಿಲೇರಿದಾಗ ಗದ್ದೆ ನೀರಿನ ಪಾಚಿ ಪಿಎಚ್ ಏರಿಸುತ್ತದೆ, ಅಮೋನಿಯಾ ಹಾರುತ್ತದೆ. ಇನ್ನೊಂದಿಷ್ಟು ಆ ಕಂದು ಕೆನೆ ಪದರದಲ್ಲಿ ನೈಟ್ರೇಟ್ ಆಗಿ, ಕೆಳಗಿನ ನೀಲಿ ಕೆಸರಿಗೆ ಇಳಿದು, ಅಲ್ಲಿ ಸೂಕ್ಷ್ಮಜೀವಿಗಳ ಪಾಲಾಗಿ, ಬರೀ ಗಾಳಿಯಾಗಿ ಮೇಲೆ ಬರುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಕಂಡುಹಿಡಿದಿದ್ದರು, ಗೊಬ್ಬರವನ್ನು ಕೆಸರಿನ ಒಳಕ್ಕೆ ಸೇರಿಸಿ ಅಂತ ಹೇಳಿದ್ದರು. 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಬಂದಿದೆ, ಅದರ ಸಾರಜನಕ ಸ್ವಲ್ಪ ನಿಧಾನವಾಗಿ ನೈಟ್ರೇಟ್ ಆಗುತ್ತದೆ. ಆದರೂ ನೀರು ಬಸಿದು ಹಾಕಿ, ಎರಡು-ಮೂರು ಕಂತಿನಲ್ಲಿ ಹಾಕಿ.

ಡಿಎಪಿ ಕಥೆ ಬೇರೆ. ಕರೀ ಹರಳು ಕೈಯಿಂದ ಬಿದ್ದರೇ ಗೊಬ್ಬರ ಹಾಕಿದ ಸಮಾಧಾನ ಅನ್ನುವವರು ನಮ್ಮಲ್ಲಿ ಬಹಳ. ವರ್ಷವರ್ಷ ಹಾಕಿ ಹಾಕಿ ಮಣ್ಣಿನಲ್ಲಿ ರಂಜಕ ಜಮೆಯಾಗಿರುತ್ತದೆ. ರಂಜಕ ಮಿತಿ ಮೀರಿದರೆ ಸತುವಿನ ಕೊರತೆ ಇನ್ನೂ ಜೋರಾಗುತ್ತದೆ. ಡಿಎಪಿ ಜೊತೆ ಸತುವನ್ನು ಒಂದೇ ಬುಟ್ಟಿಯಲ್ಲಿ ಕಲೆಸಿ ಎರಚುವವರೂ ಇದ್ದಾರೆ. ಎರಡೂ ಒಂದನ್ನೊಂದು ಕಟ್ಟಿಕೊಂಡು ಕೂರುತ್ತವೆ, ಬೇರಿಗೆ ಎರಡೂ ಇಲ್ಲ.

ಪೊಟ್ಯಾಷ್ ಲೆಕ್ಕ ಹುಲ್ಲಿನಲ್ಲಿದೆ. 20 ಕ್ವಿಂಟಲ್ ಭತ್ತದ ಬೆಳೆ ಎತ್ತುವ ಪೊಟ್ಯಾಸಿಯಂ ಹೆಚ್ಚುಕಡಿಮೆ 34 ಕಿಲೋ. ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಜಾಸ್ತಿ ಹುಲ್ಲಿನಲ್ಲಿ ಉಳಿಯುತ್ತದೆ. 50 ಕಿಲೋ ಪೊಟ್ಯಾಷ್ ಚೀಲದಲ್ಲಿ ಇರುವುದೇ 25 ಕಿಲೋ. ಅಂದರೆ ಎಕರೆಯ ಹುಲ್ಲು ಬಣವಿಗೆ ಹೋಗಿ, ದನ ತಿಂದು, ತಿಪ್ಪೆಗೆ ಬಂದು, ಮತ್ತೆ ಗದ್ದೆಗೆ ಬಂದರೆ ಒಂದು ಚೀಲ ಊರಲ್ಲೇ ಉಳಿಯಿತು. ಟ್ರಾಕ್ಟರ್ ಹತ್ತಿ ಪೇಟೆಗೆ ಹೋದರೆ ಚೀಲವೂ ಜೊತೆಗೆ ಹೋಯಿತು. ಹುಲ್ಲು ಮಾರಬೇಡಿ ಅಂತ ನಾನು ಹೇಳಲ್ಲ, ದುಡ್ಡಿನ ತಾಪತ್ರಯ ನನಗೂ ಗೊತ್ತು. ಮಾರುವಾಗ ಚೀಲದ ಬೆಲೆ ಸೇರಿಸಿ ಕೇಳಿ.

ಧರ್ಮಾ ಕಾಲುವೆ ನೀರಿನಲ್ಲಿ ಎರಡು ಬೆಳೆ ಭತ್ತ ತೆಗೆಯುವವರು ಇಲ್ಲಿದ್ದೀರಿ. ಪೊನ್ನಂಪೆರುಮ ಇದ್ದ ಆ ಸಂಸ್ಥೆಯಲ್ಲಿ ಒಂದು ಗದ್ದೆ ಇದೆ. 1963ರಿಂದ ಅಲ್ಲಿ ಬರೀ ಭತ್ತ. ಮೊದಲು ವರ್ಷಕ್ಕೆ ಎರಡು ಬೆಳೆ, 1968ರಿಂದ ಮೂರು. ಗೊಬ್ಬರ, ನೀರು, ಆರೈಕೆ ಯಾವುದಕ್ಕೂ ಕಡಿಮೆ ಇಲ್ಲ. ಆದರೂ ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ತೊಂಬತ್ತರ ದಶಕದಲ್ಲಿ ಮಣ್ಣನ್ನು ಒಣಗಲು ಬಿಟ್ಟರು, ಸಾರಜನಕ ಕೊಡುವ ಹೊತ್ತು ಬದಲಿಸಿದರು, ಇಳುವರಿ ಬಹುಮಟ್ಟಿಗೆ ವಾಪಸ್ ಬಂತು. ಸದಾ ನೀರಲ್ಲಿ ಮುಳುಗಿದ ಮಣ್ಣು ತನ್ನ ಗಂಟನ್ನು ಬಿಚ್ಚುವುದಿಲ್ಲ. ನಡುವೆ ಒಂದು ಕಡಲೆಯೋ ಅವರೆಯೋ ಹಾಕುವ ನಮ್ಮ ಹಿರಿಯರ ಲೆಕ್ಕ ಸುಮ್ನೆ ಬಂದದ್ದಲ್ಲ ಅನಿಸುತ್ತದೆ.

ಸತು ಹಾಕುವುದು ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ, ಚಹಾ ಬಂದಿದೆ. ಪರೀಕ್ಷೆಯಲ್ಲಿ ಕಡಿಮೆ ಬಂದರೆ ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್, ನಾಟಿಗೆ ಮುಂಚೆ ಕೊನೆ ಸಲ ಕೆಸರು ಮಾಡುವಾಗ, ಡಿಎಪಿಯಿಂದ ದೂರ. ಮರಳು ಅಥವಾ ಗೊಬ್ಬರದ ಜೊತೆ ಕಲೆಸಿ ಎರಚಿದರೆ ಸಮವಾಗಿ ಬೀಳುತ್ತದೆ. ಬೆಳೆಗೆ ಬೇಕಾದ್ದು 100 ಗ್ರಾಂ, 10 ಕಿಲೋದಲ್ಲಿ ಸತು ಇರುವುದು 2 ಕಿಲೋ. ಇಷ್ಟ್ಯಾಕೆ? ಹೆಚ್ಚಿನದನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಅದಕ್ಕೆ. ಆದರೆ ಎರಡು-ಮೂರು ಬೆಳೆಗೆ ಅದು ಸಾಕು, ಪ್ರತಿ ವರ್ಷ ಹಾಕಬೇಡಿ. ಈಗಾಗಲೇ ಕಂದಾಗಿದ್ದರೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಹಾಕಿ ಎಲೆಗೆ ಸಿಂಪಡಿಸಿ. ಸುಣ್ಣವನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ತಿಳಿ ಮಾತ್ರ ತೆಗೆದುಕೊಳ್ಳಿ, ಇಲ್ಲದಿದ್ದರೆ ಪಂಪಿನ ಮೂತಿ ಕಟ್ಟುತ್ತದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಿರಿ.

ಆ ಸಸಿ ಎಲ್ಲಿಗೆ ಬಂತು? ಮೂರನೇ ಸಾಲಿನಲ್ಲಿ ಕೆಂಪು ರುಮಾಲಿನ ಯಜಮಾನರು ಹಿಡಿದಿದ್ದೀರಾ? ಹಿಂದಕ್ಕೆ ಕಳಿಸಿರಿ, ಬಾಗಿಲಲ್ಲಿರುವವರು ಇನ್ನೂ ನೋಡಿಲ್ಲ. ಮಣ್ಣು ತರಬಹುದು ಅಂತ ಹೇಳಿ ಕಳಿಸಿದ್ದೆ, ಮೂಲೆಯಲ್ಲಿ ನಾಲ್ಕು ಚೀಲ, ಒಂದು ಸ್ಟೀಲ್ ಡಬ್ಬಿ ಕಾಣುತ್ತಿದೆ. ಅಲ್ಲೊಬ್ಬರು ಬಕೆಟ್ಟಿನಲ್ಲೇ ತಂದಿದ್ದೀರಿ. ಅಣ್ಣಾರ, ಅದು ಪ್ಲಾಸ್ಟಿಕ್ಕೋ, ತಗಡೋ?